ಬೋರಮ್ಮನ ಮುಖ ಮರೆಯದ ಕಾಗೆಗಳು

ಚೆನ್ನೈಯ ಪಶ್ಚಿಮ ತಾಂಬರಂನ ನಮ್ಮ ಬೀದಿಗೆ ಬೆಳಿಗ್ಗೆ ಹೊತ್ತಿನಲ್ಲಿ ಹೊಸಬರು ಯಾರಾದರೂ ಬಂದರೆ ಒಂದು ವಿಚಿತ್ರ ಕಾಣುತ್ತದೆ. ಮಳೆಯಿಲ್ಲ, ಬಿಸಿಲು ಇನ್ನೂ ಏರಿಲ್ಲ, ಆದರೂ ಗಿಡ್ಡನೆಯ ಒಬ್ಬ ಹೆಂಗಸು ಹೂವಿನ ಚಿತ್ರದ ಕೊಡೆ ಬಿಚ್ಚಿಕೊಂಡು ಹಾಲು ತರಲು ಹೊರಟಿರುತ್ತಾರೆ. ಮೇಲೆ ತಂತಿಯಿಂದ ತಂತಿಗೆ ಹಾರುತ್ತ ಐದಾರು ಕಾಗೆಗಳು ಅವರನ್ನು ಬೈಯುತ್ತ ಹಿಂಬಾಲಿಸುತ್ತಿರುತ್ತವೆ. ಅವರೂ ತಲೆಯೆತ್ತದೆ ವಾಪಸು ಬೈಯುತ್ತಿರುತ್ತಾರೆ, ಮಳವಳ್ಳಿ ಸೀಮೆಯ ಕನ್ನಡದಲ್ಲಿ. ಹಾಲಿನ ಅಂಗಡಿಯವನು ದೂರದಿಂದ ಕಾಗೆಗಳ ಗಲಾಟೆ ಕೇಳಿದ ಕೂಡಲೇ ಒಂದು ಪ್ಯಾಕೆಟ್ಟು ತೆಗೆದಿಟ್ಟುಕೊಳ್ಳುತ್ತಾನೆ.

ಅವರೇ ನಮ್ಮ ಕಟ್ಟಡದ ಮೂರನೆಯ ಮಹಡಿಯ ಬೋರಮ್ಮ. ನಾನು ಕೆಳಗಿನ ಮನೆಯ ಬಾಡಿಗೆದಾರ, ಬ್ಯಾಂಕಿನ ವರ್ಗಾವಣೆಯಲ್ಲಿ ಇಲ್ಲಿಗೆ ಬಂದವನು. ಬಂದ ದಿನವೇ ಮೆಟ್ಟಿಲ ಮೇಲೆ ನಿಂತು ಅವ್ವನ ಜೊತೆ ಫೋನಿನಲ್ಲಿ ಮಾತನಾಡುತ್ತಿದ್ದೆ. ಮೇಲಿನಿಂದ ಒಂದು ತಲೆ ಇಣುಕಿತು.

"ಯಾವೂರ್ಲಾ ಮೊಗ ನಿಂದು?"

"ಕೊಳ್ಳೇಗಾಲದ ಹತ್ರ ಹಳ್ಳಿ, ಅಮ್ಮ."

"ಅಂಗನ್ನು. ಕನ್ನಡದ್ ವಾಸ್ನೆ ಬತ್ತಿತ್ತು. ತಗ, ಸಂಡಿಗೆ ತಿನ್ನು."

ಅಂದಿನಿಂದ ನನ್ನ ಅಡುಗೆಮನೆ ಅವರ ಆಡಳಿತಕ್ಕೆ ಸೇರಿಹೋಯಿತು. ನಾನು ಅನ್ನಕ್ಕೆ ಎಷ್ಟು ನೀರಿಟ್ಟೆ ಎಂಬುದೂ ಅವರಿಗೆ ಗೊತ್ತಿರಬೇಕು.

ಮದುವೆಯಾಗಿ ಬಂದಾಗ ಅವರಿಗೆ ತಮಿಳು ಒಂದಕ್ಷರ ಬರುತ್ತಿರಲಿಲ್ಲವಂತೆ. ಗಂಡ ಮಹದೇವ ರೈಲ್ವೆ ಶೆಡ್ಡಿನಲ್ಲಿ ಫಿಟ್ಟರ್. ಅವರು ಬೆಳಿಗ್ಗೆ ಹೋದರೆ ಸಂಜೆ ಬರುವವರು. ಬೋರಮ್ಮ ಮಾರ್ಕೆಟ್ಟಿನಲ್ಲಿ ಜಗಳವಾಡಿ ತಮಿಳು ಕಲಿತರು. ಆದ್ದರಿಂದ ಈಗಲೂ ಅವರ ತಮಿಳಿನಲ್ಲಿ ಪ್ರೀತಿಯ ಮಾತಿಗೂ ಜಗಳದ ದನಿ. ಮಗಳು ನವ್ಯಾ ಹತ್ತಿರದ ಶಾಲೆಯಲ್ಲಿ ಟೀಚರು. ಅವ್ವ ಕನ್ನಡದಲ್ಲಿ ಕೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ. ಇದರಿಂದ ಅವರಿಬ್ಬರ ಜಗಳಕ್ಕೆ ಇದುವರೆಗೆ ಏನೂ ತೊಂದರೆಯಾಗಿಲ್ಲ.

ಮಹದೇವ ಅವರಿಗೆ ಸಕ್ಕರೆ ಕಾಯಿಲೆ ಬಂದಮೇಲೆ ಬೋರಮ್ಮನ ಮನೆ ಪೊಲೀಸ್ ಠಾಣೆಯಾಯಿತು ಎಂದು ಕಟ್ಟಡದವರು ಹೇಳುತ್ತಾರೆ. ಕಾಫಿಗೆ ಸಕ್ಕರೆಯಿಲ್ಲ, ಹಬ್ಬಕ್ಕೆ ಕಜ್ಜಾಯವಿಲ್ಲ, ಬಾಡಿನ ಸಾರಿನಲ್ಲಿ ಅವರಿಗೆ ಸಿಗುತ್ತಿದ್ದುದು ಸಾರು. ಹೊರಗಿನಿಂದ ಬಂದಾಗ ಅಂಗಿಯ ಮೇಲೆ ಮೈಸೂರುಪಾಕಿನ ಪುಡಿ ಇದೆಯೇ ಎಂದು ತಪಾಸಣೆ. ಆ ಮನುಷ್ಯ ನಗುನಗುತ್ತಲೇ ಇದ್ದರು. ಹೋದ ಜನವರಿಯಲ್ಲಿ ನಿದ್ದೆಯಲ್ಲೇ ಹೋಗಿಬಿಟ್ಟರು. ಹನ್ನೊಂದನೆಯ ದಿನ, ನೆಂಟರೆಲ್ಲ ಊಟಕ್ಕೆ ಕುಳಿತಿದ್ದಾಗ, ಅವರ ತಂಗಿ ಚಿಕ್ಕತಾಯಮ್ಮ ಎಲ್ಲರಿಗೂ ಕೇಳುವಂತೆ ಹೇಳಿದರು: "ನಮ್ಮಣ್ಣ ಕಾಯಿಲೆಗೆ ಸಾಯ್ನಿಲ್ಲ. ಬಾಯಿ ಕಟ್ಟಿ ಕಟ್ಟಿ ಇವ್ಳು ಸಾಯಿಸುದ್ಲು." ಬೋರಮ್ಮ ಸಾರಿನ ಸೌಟು ಹಿಡಿದು ನಿಂತಿದ್ದವರು ಮುಂದಿನ ಎಲೆಗೆ ಸಾರು ಬಡಿಸಿದರು.

ಕಾಗೆಗಳ ತಂಟೆ ಶುರುವಾದದ್ದು ಬೇಸಿಗೆಯಲ್ಲಿ. ಸಂಡಿಗೆ ಹಾಕುವ ಕಾಲ. ಬೋರಮ್ಮ ತಾರಸಿಯಲ್ಲಿ, ಅವರ ಮಾತಿನಲ್ಲಿ ಮೊಟ್ಟೆಮಾಡಿಯಲ್ಲಿ, ಹಳೇ ಪಂಚೆಯ ಮೇಲೆ ಸಾಲಾಗಿ ಸಂಡಿಗೆ ಇಟ್ಟು ಕೆಳಗಿಳಿದರೆ, ಕಾಗೆಗಳು ಬಂದು ಅರೆಬರೆ ಒಣಗಿದ್ದನ್ನು ಆರಿಸಿಕೊಂಡು ಹೋಗುತ್ತಿದ್ದವು. ಪೂರ್ತಿ ಹಸಿಯಾದದ್ದನ್ನು ಮುಟ್ಟುತ್ತಿರಲಿಲ್ಲ. ಒಂದು ಕಾಗೆ ಪಂಚೆಯ ಮೂಲೆ ಎಳೆದು ಮಡಚಿ ಕೆಳಗಿದ್ದ ಸಂಡಿಗೆ ಬಿಡಿಸಿಕೊಳ್ಳುವುದನ್ನು ನಾನೇ ಕಂಡೆ. ಇನ್ನೊಂದು ಮೆಟ್ಟಿಲ ಬಾಗಿಲ ಮೇಲೆ ಕುಳಿತು ಕಾವಲು ಕಾಯುತ್ತಿತ್ತು.

"ಇವಕ್ಕೆ ಬುದ್ಧಿ ಕಲಿಸ್ತೀನಿ ಇರು" ಎಂದ ಬೋರಮ್ಮ ಒಂದು ಹಳೆಯ ಕೊಡೆಯ ಕರಿಬಟ್ಟೆ ಕತ್ತರಿಸಿ, ತೆಂಗಿನ ನಾರು ತುಂಬಿ, ತಾರಸಿಯಲ್ಲಿ ಉದುರಿದ್ದ ಗರಿಗಳನ್ನು ಸಿಕ್ಕಿಸಿ ಒಂದು ಸತ್ತ ಕಾಗೆಯನ್ನು ತಯಾರಿಸಿದರು. ಬೊಂಬೆ ಎಷ್ಟು ಚೆನ್ನಾಗಿತ್ತೆಂದರೆ ನವ್ಯಾ ಅದನ್ನು ಕಂಡು ಊಟ ಬಿಟ್ಟಳು. ಬೋರಮ್ಮ ಅದರ ಕಾಲು ಹಿಡಿದು, ತಲೆಕೆಳಗಾಗಿ ತೂಗಾಡಿಸುತ್ತ, ಗೆದ್ದವರ ಹಾಗೆ ತಾರಸಿಗೆ ಹೋದರು.

ಮೊದಲು ಒಂದು ಕಾಗೆ ಕೂಗಿತು. ಆಮೇಲೆ ಎದುರು ಮನೆಯ ಬೇವಿನ ಮರ, ನೀರಿನ ಟ್ಯಾಂಕು, ಕೇಬಲ್ಲು, ಎಲ್ಲ ಕಪ್ಪಾಯಿತು. ಇಡೀ ಬಡಾವಣೆಯ ಕಾಗೆಗಳು ಬಂದು ಸುತ್ತುವರಿದವು. ಆ ಕೂಗಾಟಕ್ಕೆ ಪಕ್ಕದ ಬೀದಿಯವರು ಹಾವು ಬಂದಿದೆಯೆಂದು ಕೋಲು ತಂದರು. ಬೋರಮ್ಮ ಮಾತ್ರ ನಿಧಾನವಾಗಿ ಬೊಂಬೆಯನ್ನು ಕಂಬಕ್ಕೆ ಕಟ್ಟಿ, ಕೈ ಒರೆಸಿಕೊಂಡು, ಕಾಗೆಗಳತ್ತ ಒಮ್ಮೆ ನೋಡಿ ಇಳಿದುಬಂದರು.

ಆ ಒಂದು ನೋಟ ಸಾಕಾಯಿತು.

ಸಂಡಿಗೆ ಉಳಿಯಿತು. ಆದರೆ ಬೋರಮ್ಮ ಮಾರನೆಯ ದಿನ ಹೊರಗೆ ಬಂದ ಕೂಡಲೇ ಹಿಂದಿನಿಂದ ಒಂದು ಕಾಗೆ ಬಂದು ತಲೆಗೆ ಮೊಟಕಿತು. ಅವರು ತಿರುಗಿದರೆ ಇನ್ನೊಂದು ಮೊಟಕಿತು. ಕೊಡೆ ಶುರುವಾದದ್ದು ಆಗ. ಬಟ್ಟೆ ಒಣಹಾಕಿದರೆ ಅವರ ತಂತಿಯ ಕ್ಲಿಪ್ಪುಗಳು ಮಾತ್ರ ಕೆಳಗೆ ಬೀಳುತ್ತಿದ್ದವು, ಪಕ್ಕದ ತಂತಿಯವು ಹಾಗೇ ಇರುತ್ತಿದ್ದವು. ಅವರು ನೀರು ತುಂಬಿಟ್ಟ ಬಕೆಟ್ಟಿನಲ್ಲಿ ಮೀನಿನ ಮುಳ್ಳು ತೇಲುತ್ತಿತ್ತು. ಸ್ಟೇಷನ್ನಿನ ಸೇತುವೆ ದಾಟುವವರೆಗೆ ನಮ್ಮ ಬೀದಿಯ ಕಾಗೆಗಳು ಬೈದು, ಅಲ್ಲಿಂದಾಚೆಗೆ ಮಾರ್ಕೆಟ್ಟಿನ ಕಾಗೆಗಳಿಗೆ ಒಪ್ಪಿಸಿ ಬರುತ್ತಿದ್ದವು. ಬೊಂಬೆಯನ್ನು ಕಸಕ್ಕೆ ಎಸೆದರೂ ಕೋಪ ಇಳಿಯಲಿಲ್ಲ.

ನನಗೆ ಕುತೂಹಲ ತಡೆಯಲಾಗದೆ ಕಾಗೆಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಬೇರೆ ದೇಶಗಳಲ್ಲಿ ಅಧ್ಯಯನ ಮಾಡಿದವರು ಮುಖವಾಡ ತೊಟ್ಟು ಕಾಗೆ ಹಿಡಿದು, ಆ ಮುಖವಾಡವನ್ನು ಕಾಗೆಗಳು ವರ್ಷಗಟ್ಟಲೆ ಮರೆಯುವುದಿಲ್ಲ ಎಂದು ಕಂಡುಕೊಂಡಿದ್ದಾರೆ. ಸತ್ತ ಕಾಗೆಯ ಜೊತೆ ಯಾರನ್ನಾದರೂ ಕಂಡರೆ ಅವರನ್ನು ಅಪಾಯದವರೆಂದು ಗುರುತಿಟ್ಟುಕೊಳ್ಳುತ್ತವೆ, ತಮ್ಮ ಮರಿಗಳಿಗೂ ಆ ಮುಖ ಕಲಿಸುತ್ತವೆ. ಇದನ್ನೆಲ್ಲ ಬೋರಮ್ಮನಿಗೆ ವಿವರಿಸಿದೆ.

"ಮಕ್ಳಿಗೂ ಯೋಳ್ಕೊಡ್ತವಾ?" ಅವರು ನವ್ಯಾಳ ಕಡೆ ತಿರುಗಿದರು. "ಕೇಳ್ದೇನೇ? ನೀನು ನಂಗುಟ್ಟಿ ಎಲ್ಡಕ್ಸರ ಕನ್ನಡ ಮಾತಾಡಾಕಿಲ್ಲ. ಕಾಗೆ ಮರಿ ಮೊಟ್ಟೆ ಒಡ್ಕಂಡ್ ಬಂದೇಟ್ಗೆ ಬೋರಮ್ಮ ಕೆಟ್ಟೋಳು ಅಂತ ಪಾಠ ಒಪ್ಪಿಸ್ತದೆ."

"ಅದುಕ್ಕು ನಲ್ಲ ಟೀಚರ್ ಇರುಕ್ಕಾಂಗ" ಎಂದಳು ನವ್ಯಾ. ಅದಕ್ಕೆ ಒಳ್ಳೆ ಟೀಚರ್ ಸಿಕ್ಕಿದ್ದಾರೆ ಎಂದು.

ಇಷ್ಟಾದರೂ ಅದು ನಗುವ ಸಂಗತಿಯಾಗಿಯೇ ಇತ್ತು. ಪಿತೃಪಕ್ಷ ಹತ್ತಿರ ಬಂದಾಗ ಚಿಕ್ಕತಾಯಮ್ಮನ ಫೋನು ಬಂತು. ಮಹಾಲಯ ಅಮಾವಾಸ್ಯೆಗೆ ಅಣ್ಣನಿಗೆ ಮೊದಲ ಸಲ ಎಡೆ ಇಡುವುದು, ತಾನು ಬರುತ್ತೇನೆ ಎಂದರು. ಬೋರಮ್ಮ ಫೋನನ್ನು ಸ್ಪೀಕರಿಗೆ ಹಾಕಿದ್ದರಿಂದ ನಾನೂ ಕೇಳಿದೆ.

"ಜೀವ ಇದ್ದಾಗ ಬಡಿಸ್ದೋಳೇ ಎಡೆನೂ ಇಕ್ಕಬೇಕು ಕನತ್ಗೆ. ಮಗ್ಳ್ ಕೈಲಿ ಇಕ್ಸ್ಬುಟ್ಟು ನೀನು ಮೂಲೇಲ್ ನಿಂತ್ಕಬ್ಯಾಡ. ಕಾಗೆ ಬಂದು ಮುಟ್ಟುದ್ರೆ ನಮ್ಮಣ್ಣಂಗೆ ನಿನ್ ಮ್ಯಾಲೆ ಏನೂ ಇಲ್ಲ ಅಂತ. ಮುಟ್ಟದಿದ್ರೆ ಊರ್ನಲ್ಲಿ ಏನ್ ಯೋಳ್ಬೇಕೋ ನಾನ್ ಯೋಳ್ಕತೀನಿ."

ಫೋನಿಟ್ಟ ಮೇಲೆ ನಾನು ಹೇಳಿದೆ, "ಬೊಂಬೆ ವಿಷಯ ಅವ್ರಿಗೆ ಹೇಳಿಬಿಡಿ ಅಮ್ಮ. ಕಾಗೆಗೆ ನಿಮ್ಮ ಮೇಲೆ ಯಾಕೆ ಕೋಪ ಅಂತ ತಿಳೀತದೆ."

"ಅವ್ಳ್ಗಾ? ಅಣ್ಣ ಸತ್ತ ವರ್ಸದಲ್ಲೇ ಕಾಗೆ ಕೊಂದು ನೇತಾಕುದ್ಲು ಅಂತ ಸಾರ್ತಾಳೆ. ಬೊಂಬೆ ಅನ್ನೋ ಮಾತು ದಾರೀಲೇ ಬಿದ್ದೋಯ್ತದೆ." ಆಮೇಲೆ ದನಿ ತಗ್ಗಿಸಿದರು. "ಕಾಗೆಗೆ ಕ್ವಾಪ ಅಂತ ನಿನ್ನ ಪುಸ್ತಕ ಯೋಳ್ತದೆ. ಅವ್ರ್ಗೇ ಕ್ವಾಪ ಇದ್ರೆ, ಮೊಗ?"



ಆದ್ದರಿಂದ ನಾವು ಕಾಗೆಗಳನ್ನು ಮೋಸಗೊಳಿಸಲು ನಿರ್ಧರಿಸಿದೆವು. ಮೊದಲು ಬೋರಮ್ಮ ನವ್ಯಾಳ ತಂಪು ಕನ್ನಡಕ ಹಾಕಿಕೊಂಡು ತಾರಸಿಗೆ ಹೋಗಿ ಇಡ್ಲಿ ಇಟ್ಟರು. ಕಾಗೆಗಳು ಬೈಯುವುದನ್ನು ಕ್ಷಣಹೊತ್ತು ನಿಲ್ಲಿಸಿ, ಆಮೇಲೆ ಇನ್ನೂ ಜೋರಾಗಿ ಬೈದವು. ಎರಡನೆಯ ದಿನ ಮೂಗಿನವರೆಗೆ ಸೆರಗು ಎಳೆದುಕೊಂಡರು. ದಾರಿ ಕಾಣದೆ ನೀರಿನ ಪೈಪು ಎಡವಿದರು, ಸೆರಗು ಜಾರಿತು, ಗುಟ್ಟು ಬಯಲಾಯಿತು. ಮೂರನೆಯ ಸಲ ಕೊರೊನಾ ಕಾಲದ ಒಂದು ಮಾಸ್ಕು ಹುಡುಕಿ ಕೊಟ್ಟೆ. ಮಾಸ್ಕು, ತಂಪು ಕನ್ನಡಕ, ನವ್ಯಾಳ ದುಪಟ್ಟಾ ತಲೆಗೆ. ನವ್ಯಾ ಮೊಬೈಲಿನಲ್ಲಿ ಫೋಟೋ ತೆಗೆಯಲು ಹೋಗಿ ಪೆಟ್ಟು ತಿಂದಳು.

ಕಾಗೆಗಳು ಕತ್ತು ಓರೆ ಮಾಡಿ ನೋಡಿದವು. ಒಂದು ಟ್ಯಾಂಕಿನಿಂದ ಗೋಡೆಗೆ ಇಳಿಯಿತು. ಇಡ್ಲಿಯ ಸುತ್ತ ಪಕ್ಕಕ್ಕೆ ಪಕ್ಕಕ್ಕೆ ಹೆಜ್ಜೆಯಿಟ್ಟು, ಬೋರಮ್ಮನನ್ನು ಒಂದು ಕಣ್ಣಿನಿಂದ ನೋಡಿ, ಮತ್ತೊಂದು ಕಣ್ಣಿನಿಂದ ನೋಡಿ, ಇಡ್ಲಿ ಎತ್ತಿಕೊಂಡು ಹಾರಿತು.

"ಗುರ್ತು ಸಿಕ್ನಿಲ್ಲ ಕಳ್ ನನ್ಮಕ್ಳಿಗೆ" ಎಂದರು ಬೋರಮ್ಮ ಮಾಸ್ಕಿನೊಳಗೇ ಪಿಸುದನಿಯಲ್ಲಿ. ದನಿಯ ಗುರುತು ಹಿಡಿದಾವೆಂಬ ಭಯಕ್ಕೆ ಮೆಟ್ಟಿಲಿಳಿಯುವವರೆಗೂ ಅವರು ಪಿಸುಗುಟ್ಟುತ್ತಲೇ ಇದ್ದರು. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ಕಟ್ಟಡದಲ್ಲಿ ಯಾರೂ ಕೇಳಿರಲಿಲ್ಲ.

ಚಿಕ್ಕತಾಯಮ್ಮ ಅಮಾವಾಸ್ಯೆಯ ಹಿಂದಿನ ದಿನ ಬಂದರು. ದಪ್ಪನೆಯ ಹೆಂಗಸು, ಒಂದು ಕೈಯಲ್ಲಿ ಊರ ಬೆಲ್ಲ, ಇನ್ನೊಂದರಲ್ಲಿ ಮಾತ್ರೆಗಳ ಚೀಲ. ಅಣ್ಣನಿಗಿದ್ದ ಕಾಯಿಲೆ ತಂಗಿಗೂ ಇತ್ತು. ಮಾರನೆಯ ದಿನ ಬೋರಮ್ಮ ಗಂಡನಿಗೆ ಬೇಡವೆಂದದ್ದನ್ನೆಲ್ಲ ಮಾಡಿದರು: ಬಾಡಿನ ಸಾರು, ತುಂಡುಗಳ ಸಮೇತ, ವಡೆ, ತುಪ್ಪ ಜಿನುಗುವ ಕಜ್ಜಾಯ. ಮನೆಯೊಳಗಿನ ಪೂಜೆ ಮುಗಿಸಿ, ಬಾಳೆಯೆಲೆಯಲ್ಲಿ ಎಡೆ ಹಿಡಿದು, ಮಾಸ್ಕು ಹಾಕಿಕೊಂಡು ತಾರಸಿಗೆ ನಡೆದರು.

"ಇದ್ಯಾಕತ್ಗೆ ಮಖ ಮುಚ್ಕಂಡಿದ್ದೀ?"

"ನೆಗಡಿ."

"ಈಗ್ತಾನೆ ಒಳಗೆ ಇರ್ನಿಲ್ಲ?"

"ಈಗ್ ಬಂತು."

"ತೆಗಿ ಅದ. ಮಖ ಮುಚ್ಕಂಡು ಎಡೆ ಇಕ್ಕಿದ್ರೆ ನಮ್ಮಣ್ಣ ಗುರ್ತು ಹಿಡಿಯಾದ್ಯಂಗೆ?"

ಬೋರಮ್ಮ ನನ್ನ ಮುಖ ನೋಡಿದರು. ನಾನು ನವ್ಯಾಳ ಮುಖ ನೋಡಿದೆ. ಕಾಗೆ ಗುರುತು ಹಿಡಿಯಬಾರದು, ಗಂಡ ಗುರುತು ಹಿಡಿಯಬೇಕು, ಬರುವುದು ಇಬ್ಬರೂ ಒಂದೇ ರೆಕ್ಕೆಯಲ್ಲಿ. ಇದಕ್ಕೆ ನಮ್ಮ ತಯಾರಿಯಲ್ಲಿ ಪರಿಹಾರವಿರಲಿಲ್ಲ. ಬೋರಮ್ಮ ಮಾಸ್ಕು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು, ಎಲೆಯನ್ನು ಗೋಡೆಯ ಮೇಲಿಟ್ಟು, "ಬನ್ನಿ" ಎಂದು ಕೈಮುಗಿದರು.

ಬೇವಿನ ಮರ ಸಿಡಿದ ಹಾಗೆ ಕೂಗಿತು. ಒಂದೂ ಇಳಿಯಲಿಲ್ಲ.

ಅಮಾವಾಸ್ಯೆಯ ದಿನ ಚೆನ್ನೈಯಲ್ಲಿ ಕಾಗೆಗಳಿಗೆ ಹಸಿವೆಂಬುದೇ ಇರುವುದಿಲ್ಲ. ಸುತ್ತಲಿನ ಪ್ರತಿ ತಾರಸಿಯಲ್ಲೂ ಯಾರಾದರೊಬ್ಬರು ಕಾ ಕಾ ಎಂದು ಕರೆಯುತ್ತಿದ್ದರು. ಕಾಗೆಗಳು ದೊಡ್ಡ ಮನುಷ್ಯರ ಹಾಗೆ ಒಂದೊಂದು ಮನೆಗೆ ಹೋಗಿ ಒಂದೊಂದು ತುತ್ತು ತಿಂದು ಬರುತ್ತಿದ್ದವು. ಬಂದು ನಮ್ಮ ಮರದಲ್ಲಿ ಕುಳಿತು ಬೋರಮ್ಮನನ್ನು ಬೈಯುವ ಕೆಲಸ ಮುಂದುವರಿಸುತ್ತಿದ್ದವು.

"ನೋಡ್ದೇನತ್ಗೆ, ಎಂಗ್ ಬಯ್ತಾನೆ" ಎಂದರು ಚಿಕ್ಕತಾಯಮ್ಮ. ಕಣ್ಣು ಒರೆಸಿಕೊಂಡರು. "ಪಾಪ, ಒಂದ್ ಕಜ್ಜಾಯಕ್ಕೆ ಎಷ್ಟು ಬಾಯಿ ಬಿಟ್ಟಿದ್ನೋ."

ಬೋರಮ್ಮ ಅಲ್ಲಾಡಲಿಲ್ಲ. ಕಾಗೆ ಮುಟ್ಟದೆ ಯಾರೂ ಊಟ ಮಾಡುವ ಹಾಗಿಲ್ಲ. ಬಿಸಿಲು ನೆತ್ತಿಗೆ ಬಂದು, ನೆತ್ತಿಯಿಂದ ಇಳಿಯಲು ಶುರುವಾಯಿತು. ಕೆಳಗಿನಿಂದ ಬಾಡಿನ ಸಾರಿನ ಪರಿಮಳ ಮೆಟ್ಟಿಲು ಹತ್ತಿ ಬರುತ್ತಿತ್ತು. ಟ್ಯಾಂಕಿನ ನೆರಳಿನಲ್ಲಿ ಕುಳಿತಿದ್ದ ಚಿಕ್ಕತಾಯಮ್ಮ ಎರಡು ಸಲ ಎದ್ದು, ಎರಡು ಸಲ ಕುಳಿತರು.

"ಅಗಳ್ಳಪ್ಪ, ಮುಟ್ತು" ಎಂದರು ಇದ್ದಕ್ಕಿದ್ದಂತೆ.

"ಎಲ್ಲಿ?"

"ಆಗ್ಲೇ. ನೀನು ಆ ಕಡೀಕ್ ನೋಡ್ತಿದ್ದೆ. ರೆಕ್ಕೆ ತಾಗ್ತು ಎಲೆಗೆ."

"ಅದು ಗಾಳಿ."

"ನಾನ್ ಕಣ್ಣಾರೆ ಕಂಡೆ ಅಂತೀನಿ. ನಡಿ, ಎಲೆ ಹಾಕು."

"ಮುಟ್ನಿಲ್ಲ ಕನವ್ವ" ಎಂದರು ಬೋರಮ್ಮ. "ನಾನು ಕಣ್ ಮುಚ್ದೆ ನೋಡ್ತಾವ್ನಿ. ನಿಮ್ಮಣ್ಣ ಬಂದು ನ್ಯಾಯ ಯೋಳ್ಲಿ ಅಂತ ನೀನೇ ಅಂದೆ. ಬರ್ಲಿ. ಸಾಯಂಕಾಲ ಆದ್ರೂ ಸರಿ."

"ಬಂದಾಗದೆ ಅಂತ ಊರೋರ್ಗೆ ನಾನೇ ಯೋಳ್ತೀನಿ ಬುಡತ್ಗೆ."

"ಸುಳ್ ಸಾಕ್ಸಿ ನಂಗ್ ಬ್ಯಾಡ."

ನವ್ಯಾ ನಗು ತಡೆಯಲು ಗೋಡೆಯ ಕಡೆ ತಿರುಗಿದಳು. ಆಗಲೇ ಚಿಕ್ಕತಾಯಮ್ಮ ಏನೋ ಹೇಳಲು ಹೋಗಿ ಮಾತು ತಡವರಿಸಿದರು. ನವ್ಯಾಳನ್ನು ತಮ್ಮ ಮಗಳ ಹೆಸರು ಹಿಡಿದು ಕರೆದರು. ನನಗೆ ಬಿಸಿಲಿನ ಆಯಾಸ ಎನ್ನಿಸಿತು. ಬೋರಮ್ಮ ಮಾತ್ರ ಎಲೆಯ ಮುಂದಿನಿಂದ ಸರಕ್ಕನೆ ತಿರುಗಿದರು. ಚಿಕ್ಕತಾಯಮ್ಮನ ಹಣೆಯಲ್ಲಿ ಬೆವರು ಕಿತ್ತುಕೊಂಡಿತ್ತು, ಕೈ ನಡುಗುತ್ತಿತ್ತು.

"ಬೆಳಿಗ್ಗೆ ಮಾತ್ರೆ ನುಂಗ್ಬುಟ್ಟು ಉಪಾಸ ಇದ್ದೀಯಾ?"

"ಮಾತ್ರೆ ಬುಡಂಗಿಲ್ಲ ಅಂತ ಡಾಕುಟ್ರು..."

"ಉಪಾಸ ಇರು ಅಂತ್ಲೂ ಅಂದ್ನಾ ನಿನ್ ಡಾಕುಟ್ರು?"

ಬೋರಮ್ಮ ಎಡೆಗೇ ಕೈ ಹಾಕಿದರು. ದೊಡ್ಡ ಕಜ್ಜಾಯವನ್ನು ಎತ್ತಿಕೊಂಡು, ನೆರಳಿಗೆ ಓಡಿ, ನಾದಿನಿಯ ಮುಂದೆ ಮೊಣಕಾಲೂರಿ, ಚೂರು ಮುರಿದು ಬಾಯಿಗೆ ತುರುಕಿದರು.

"ಅಣ್ಣನ್ ಎಡೆ ಕನತ್ಗೆ, ಕಾಗೆ ಮುಟ್ನಿಲ್ಲ ಇನ್ನೂವೆ..."

"ಕಾಗೆ ಮನೆ ಹಾಳಾಗ್ಲಿ. ಸುಗರ್ ಇಳ್ದೋಗದೆ ನಿಂಗೆ. ಅಗಿ. ಅಗ್ದು ನುಂಗು. ಇನ್ನೊಂದ್ ಚೂರು. ಲೇ ಮೊಗ, ನೀರ್ ತತ್ತಾ."

ನಾನು ನೀರಿಗೆ ಓಡುವವನು ಬಾಗಿಲಲ್ಲೇ ನಿಂತೆ. ಮರದ ಗಲಾಟೆ ತಗ್ಗಿತ್ತು. ಬೋರಮ್ಮನ ಬೆನ್ನು ಮಾತ್ರ ಕಾಗೆಗಳ ಕಡೆಗಿತ್ತು, ಮುಖ ಪೂರ್ತಿ ನಾದಿನಿಯ ಕಡೆಗೆ. ಒಂದು ಕಾಗೆ ಗೋಡೆಗೆ ಇಳಿಯಿತು. ಎಲೆಯ ಪಕ್ಕ ನಡೆಯಿತು. ಬೋರಮ್ಮನ ಬೆನ್ನು ನೋಡಿತು, ನಮ್ಮನ್ನು ನೋಡಿತು.

"ಅಮ್ಮಾ, ತಿರುಂಬಾದೆ" ಎಂದಳು ನವ್ಯಾ ಉಸಿರು ಬಿಗಿಹಿಡಿದು. ತಿರುಗಬೇಡ ಎಂದು.

ಕಾಗೆ ಬಾಡಿನ ದೊಡ್ಡ ತುಂಡೊಂದನ್ನು ಆರಿಸಿ ಎತ್ತಿಕೊಂಡಿತು. ಅದರ ಹಿಂದೆ ಇನ್ನೊಂದು ಬಂದು ವಡೆ ಒಯ್ದಿತು. ಮೂರನೆಯದು ಎಲೆಯ ಮೇಲೇ ನಿಂತು ಸಾವಕಾಶವಾಗಿ ತಿನ್ನತೊಡಗಿತು. ಚಿಕ್ಕತಾಯಮ್ಮ ಅತ್ತಿಗೆಯ ಭುಜದ ಮೇಲಿಂದ ಅದನ್ನೆಲ್ಲ ನೋಡುತ್ತ ಕಜ್ಜಾಯ ಅಗಿಯುತ್ತಿದ್ದರು. ಬೋರಮ್ಮ ಮಾತ್ರ ನೋಡಲಿಲ್ಲ. ಅವರು ನಾದಿನಿಯ ಕೈ ಹಿಡಿದು ನಡುಕ ನಿಲ್ಲುತ್ತಿದೆಯೇ ಎಂದು ಕಾಯುತ್ತಿದ್ದರು.

ಸ್ವಲ್ಪ ಹೊತ್ತಿಗೆ ಚಿಕ್ಕತಾಯಮ್ಮನ ಮುಖಕ್ಕೆ ಕಳೆ ಬಂತು.

"ನಿಂಗ್ಯಂಗ್ ಗೊತ್ತಾಯ್ತತ್ಗೆ, ನಂಗಿಂಗಾಗದೆ ಅಂತ?"

"ನಿಮ್ಮಣ್ಣಂಗೂ ಇಂಗೇ ಆಯ್ತಿತ್ತು. ಅವ್ರು ಶೆಡ್ಡಿಗ್ ವೋಗ್ವಾಗ ಜೇಬ್ಗೆ ಒಂದ್ ಚೂರು ಬೆಲ್ಲ ಕಟ್ಟಿ ಇಕ್ತಿದ್ದೆ. ಕೈ ನಡುಗುದ್ರೆ ತಿನ್ನಿ, ನಡುಗ್ದಿದ್ರೆ ಮುಟ್ಬ್ಯಾಡಿ ಅಂತಿದ್ದೆ."

"ಅವ್ನು ಮುಟ್ತಿರ್ನಿಲ್ವಾ?"

"ದಿನಾ ನಡುಗ್ತು ಅಂತಿದ್ರು."

ಚಿಕ್ಕತಾಯಮ್ಮ ಮೊದಲು ನಕ್ಕರು, ಆಮೇಲೆ ಅತ್ತರು. ಆಮೇಲೆ ಸೆರಗಿನಲ್ಲಿ ಮೂಗೊರೆಸಿಕೊಂಡು, ಮೊಬೈಲು ಕೇಳಿ ತೆಗೆದುಕೊಂಡು, ಅಲ್ಲಿಂದಲೇ ಊರಿಗೆ ಫೋನು ಮಾಡಿದರು. "ಮುಟ್ತು ಕನವ್ವ. ಒಂದಲ್ಲ, ಮೂರು. ನಮ್ಮತ್ಗೆ ನಂಗೆ ತಿನ್ನಿಸ್ತಾ ಕೂತಿದ್ಲು, ಅತ್ಲಾಗೆ ಅಣ್ಣ ಬಂದು ತಿಂದ್ಕಂಡು ಹೋದ."

ಬೆನ್ನು, ಮುಖ, ಮಾಸ್ಕಿನ ವಿಷಯ ಹೇಳಲು ನಾನು ಬಾಯಿ ತೆರೆದೆ. ಬೋರಮ್ಮ ನನ್ನ ಕಾಲು ತುಳಿದರು.

ಊಟಕ್ಕೆ ಕುಳಿತಾಗ ಚಿಕ್ಕತಾಯಮ್ಮನ ಎಲೆಗೆ ಬಿದ್ದದ್ದು ಸಣ್ಣ ಮುದ್ದೆ, ಹಾಗಲಕಾಯಿ ಪಲ್ಯ, ಸಾರು, ಅದರಲ್ಲಿ ಹುಡುಕಿದರೆ ಒಂದು ತುಂಡು.

"ಕಾಗೆಗೆ ಅಷ್ಟ್ ದೊಡ್ ತುಂಡು, ನಂಗೆ ಇದಾ?"

"ಕಾಗೆಗೆ ಸುಗರ್ ಇಲ್ಲ."

"ಪಾಪ ನಮ್ಮಣ್ಣ, ಎಂಗ್ ಬಾಳಿದ್ನೋ" ಎಂದು ಚಿಕ್ಕತಾಯಮ್ಮ ನನ್ನ ಕಡೆ ತಿರುಗಿ ಹೇಳಿದರು. ಹೇಳುತ್ತಲೇ ಮುದ್ದೆ ಮುರಿದರು.

ಊಟ ಮುಗಿದು ಬೋರಮ್ಮ ಪಾತ್ರೆ ತೆಗೆಯಲು ಅಡುಗೆಮನೆಗೆ ಹೋದವರು, ಕಜ್ಜಾಯದ ತಟ್ಟೆ ಹಿಡಿದುಕೊಂಡೇ ಹೊರಗೆ ಬಂದರು. ತಟ್ಟೆಯ ನಡುವೆ ಒಂದು ಜಾಗ ಖಾಲಿಯಿತ್ತು, ತುಪ್ಪದ ಗುಂಡು ಗುರುತು ಮಾತ್ರ ಉಳಿದಿತ್ತು.

"ಇಲ್ಲೊಂದಿತ್ತು."

ಕಿಟಕಿಯ ಪಕ್ಕ ಕುಳಿತಿದ್ದ ಚಿಕ್ಕತಾಯಮ್ಮ ತುಟಿ ಬಿಗಿದುಕೊಂಡು ಕಿಟಕಿಯಾಚೆ ಕೈ ತೋರಿಸಿದರು. ಅಲ್ಲಿ ಸರಳಿನಾಚೆ ಒಂದು ಕಾಗೆ ಕುಳಿತಿತ್ತು. ಬೋರಮ್ಮನ ಮುಖ ಕಂಡದ್ದೇ ಅದು ಬೈಯಲು ಶುರುಮಾಡಿತು.

ಬೋರಮ್ಮ ಕಾಗೆಯನ್ನು ನೋಡಿದರು. ನಾದಿನಿಯ ಉಬ್ಬಿದ ಕೆನ್ನೆ ನೋಡಿದರು.

"ಅದ್ರ ಮ್ಯಾಲೆ ಸುಳ್ಳು ಯೋಳ್ಬ್ಯಾಡ" ಎಂದರು. "ಬಾಯಿ ತೆಗಿ."